ನಿಮ್ಮ ಅಳತೆಗೆ ತಗ್ಗಿಸಿದ ಬೈಕು

ಮನೆಯಿಂದ,
ಹನ್ನೊಂದನೇ ತಾರೀಖು, ಶನಿವಾರ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಊಟ ಸೇರುತ್ತಿದೆಯಾ? ಕಾಲಿನ ಊತ ಇಳಿಯಿತಾ, ನೋವು ಮಂಡಿಗೇ ನಿಲ್ಲುತ್ತದೋ ಸೊಂಟದವರೆಗೂ ಏರುತ್ತದೋ? ಫೋನಿನಲ್ಲಿ ಇದನ್ನೆಲ್ಲ ಕೇಳಿದರೆ ನೀವು ಒಂದೇ ಒಂದು ‘ಹೂಂ’ ಅನ್ನುತ್ತಿದ್ದಿರಿ. ಅದು ಯಾವ ಪ್ರಶ್ನೆಗೆ ಉತ್ತರ ಎಂದು ತಿಳಿಯದೆ ನಾನು ಇಡೀ ದಿನ ಆ ಹೂಂ ಅನ್ನೇ ತಿರುವಿ ಹಾಕುತ್ತಿದ್ದೆ. ಈಗ ಅದೂ ಇಲ್ಲ. ಅಕ್ಕ ಫೋನೆತ್ತಿ, “ಮಲಗಿದಾನೆ ಕಣೇ, ಏಳಲಿ, ಮಾಡಿಸ್ತೀನಿ” ಅನ್ನುತ್ತಾರೆ. ಮಟಮಟ ಮಧ್ಯಾಹ್ನವೂ ಮಲಗಿರುತ್ತೀರಿ, ಸಂಜೆಯೂ ಮಲಗಿರುತ್ತೀರಿ. ಒಡಹುಟ್ಟಿದ ತಮ್ಮನಿಗಾಗಿ ಪಾಪ ಅವರು ಎಷ್ಟು ಸುಳ್ಳು ಹೇಳಬೇಕು! ಅದಕ್ಕೇ ಕಾಗದ ಬರೆಯಲು ಕೂತೆ. ಕಾಗದಕ್ಕೆ ಹೂಂಗುಟ್ಟಬೇಕಾಗಿಲ್ಲ, ಸುಮ್ಮನೆ ಓದಿದರೆ ಆಯಿತು.

ನಾನು ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ನಾನು ಕ್ಷೇಮವಾಗಿಲ್ಲ. ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಕೈ ಓಡುವುದಿಲ್ಲ. ಮೊನ್ನೆ ಔಷಧಿ ಅಂಗಡಿಯವರ ಪ್ಯಾಂಟಿಗೆ ಎರಡೂ ಎಡಗಾಲನ್ನೇ ಕತ್ತರಿಸಿಟ್ಟಿದ್ದೆ. ಅವರು ಒಳ್ಳೆಯವರು, ನಕ್ಕು ಬೇರೆ ಬಟ್ಟೆ ತಂದುಕೊಟ್ಟರು. ನಾನೂ ನಕ್ಕೆ. ಅವರು ಮೆಟ್ಟಿಲಿಳಿದ ಮೇಲೆ ಬಾಗಿಲು ಹಾಕಿಕೊಂಡು ಆ ಎರಡು ಎಡಗಾಲುಗಳನ್ನು ಎದೆಗವಚಿಕೊಂಡು ಅತ್ತೆ.

ಈಗ ಸುದ್ದಿ. ನಿಮ್ಮ ಬೈಕನ್ನು ತಗ್ಗಿಸಿದ್ದೇನೆ. ಮಾರಿಬಿಡು ಎಂದು ನೀವು ಹೇಳಿದ್ದು ನಿಜ, ನಾನು ಮಾರಲಿಲ್ಲ. ಮಾವನವರ ಕಾಲದ ಆ ಬೈಕನ್ನು ಹಿಂದಿನಿಂದ ಕೆಳಗಿಳಿಸಿ ಕೂರಿಸಿದ್ದೇನೆ. ಬೈಯುವುದಿದ್ದರೆ ಧಾರಾಳವಾಗಿ ಬೈಯಿರಿ, ನಿಮ್ಮ ದನಿ ಕಿವಿಗೆ ಬಿದ್ದರೆ ಸಾಕಾಗಿದೆ.

ಗೋದಾಮಿನಲ್ಲಿ ಪೆಟ್ಟಿಗೆ ಜಾರಿ ನಿಮ್ಮ ತೊಡೆಯ ಮೇಲೆ ಬಿತ್ತಲ್ಲ, ಆ ದಿನ ನನಗೆ ಅಷ್ಟಾಗಿ ನೆನಪಾಗುವುದಿಲ್ಲ. ನೆನಪಾಗುವುದು ಆಸ್ಪತ್ರೆಯಿಂದ ಬಂದ ಮೇಲೆ ನೀವು ಬೈಕು ಹತ್ತಿದ ಬೆಳಿಗ್ಗೆ. ಎಡಗಾಲು ಒಂದೂವರೆ ಇಂಚು ಗಿಡ್ಡವಾಗಿದೆ ಎಂದು ಡಾಕ್ಟರು ಹೇಳಿದ್ದರು. ಒಂದೂವರೆ ಇಂಚು ಎಂದರೆ ಎಷ್ಟು ಮಹಾ, ಪ್ಯಾಂಟಿನ ಮಡಿಕೆಯಷ್ಟು ಎಂದುಕೊಂಡಿದ್ದೆ. ನೀವು ಬೈಕು ಹೊರಡಿಸಿ, ಓಣಿಯ ತಿರುವಿನಲ್ಲಿ ನಿಲ್ಲಿಸಿ ಎಡಗಾಲು ಇಳಿಬಿಟ್ಟಿರಿ. ಪಾದ ನೆಲವನ್ನು ಹುಡುಕಿತು, ನೆಲ ಸಿಗಲಿಲ್ಲ. ಬೈಕು ನಿಮ್ಮ ಮೇಲೆಯೇ ವಾಲಿತು. ಜನ ಓಡಿಬಂದು ಮೊದಲು ಅದನ್ನೆತ್ತಿದರು, ಆಮೇಲೆ ನಿಮ್ಮನ್ನು. “ಇನ್ನು ಇದೆಲ್ಲ ಯಾಕೆ ಬೇಕು ನಿಮಗೆ?” ಎಂದು ಯಾರೋ ಅಂದರು. ನೀವು ಆ ಮಾತಿಗೆ ತಲೆಯಾಡಿಸಿದಿರಿ ನೋಡಿ, ಅಲ್ಲಿಂದಲೇ ನೀವು ನನ್ನ ಕೈತಪ್ಪಿದ್ದು. ಅಕ್ಕನ ಮನೆಯ ಹತ್ತಿರ ಕಾಲಿನ ವ್ಯಾಯಾಮ ಮಾಡಿಸುವವರಿದ್ದಾರೆ ಎಂದು ಹೋದಿರಿ. ಒಂದು ದಿನವೂ ಆ ಕಡೆ ತಲೆ ಹಾಕಿಲ್ಲವಂತೆ.

ಬೋಲ್ಟುವಿಗೆ ಹೇಳಿದೆ. ಇಡೀ ಊರಿನ ಗಾಡಿ ಬಿಚ್ಚಿ ಜೋಡಿಸಿದರೂ ಕೊನೆಗೊಂದು ಬೋಲ್ಟು ಕೈಯಲ್ಲಿ ಉಳಿಸಿಕೊಳ್ಳುವ ನಿಮ್ಮ ಆ ಮೆಕ್ಯಾನಿಕ್ ಗೆಳೆಯ ಮೊದಲು ಖಡಾಖಂಡಿತ ಬೇಡವೆಂದ. “ಅತ್ತಿಗೆ, ಅಣ್ಣ ಬಂದು ನನ್ನ ಚರ್ಮ ಸುಲೀತಾನೆ.” ಬಂದು ಸುಲಿಯಲಿ, ಅದಕ್ಕಾದರೂ ಬರಲಿ ಎಂದೆ. ಅವನು ಪಾನಾ ಎತ್ತಿಕೊಂಡ. ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿಬಿಡು ಎಂದು ನಾನೇ ಬುದ್ಧಿ ಹೇಳಿದ್ದೆ, ಬಟ್ಟೆಯ ಬುದ್ಧಿ ನನ್ನದು. ಹಾಗೆ ಮಾಡಿದರೆ ಹಳ್ಳ ಬಂದಾಗಲೆಲ್ಲ ಬೆನ್ನಿಗೆ ಗುದ್ದಿದ ಹಾಗಾಗುತ್ತದೆ, ಮೊದಲೇ ಅಣ್ಣನ ಸೊಂಟ ನೆಟ್ಟಗಿಲ್ಲ ಎಂದ. ಹಳೇ ಗಾಡಿ ಒಡೆಯುವ ಅಂಗಡಿಯಲ್ಲಿ ಹುಡುಕಿ, ಚಿಕ್ಕ ಬೈಕೊಂದರಿಂದ ಗಿಡ್ಡನೆಯ ಶಾಕ್ ಅಬ್ಸಾರ್ಬರ್ ಜೋಡಿ ತಂದ. ಹಿಂದಿನ ಚಕ್ರದ ಎರಡೂ ಪಕ್ಕ ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದಾಗ ಬೈಕು ಮಂಡಿಯೂರಿದ ಹಾಗೆ ಕಂಡಿತು. ಎಷ್ಟು ಸುಲಭ ಎಂದುಕೊಂಡೆ ನೋಡಿ!

ಇಬ್ಬರೂ ಕೂತು ಹೊರಟೆವು. ರಸ್ತೆಯ ಮೊದಲ ಉಬ್ಬಿಗೇ ಟೈರು ಮಡ್‌ಗಾರ್ಡಿಗೆ ಉಜ್ಜಿ ಸುಟ್ಟ ರಬ್ಬರಿನ ವಾಸನೆ. ವಾಪಸ್ಸು ಬಂದು ಮಡ್‌ಗಾರ್ಡನ್ನು ಮೇಲೆತ್ತಿ ಬಿಗಿದು, ಬಿರುಸಾದ ಸ್ಪ್ರಿಂಗು ಹಾಕಿದ. ಹಿಂದೆ ತಗ್ಗಾಗಿ ಮುಂದೆ ಎತ್ತರವಾಯಿತಲ್ಲ, ಹೆಡ್‌ಲೈಟು ಆಕಾಶ ನೋಡತೊಡಗಿತು. ಮುಂದಿನ ಫೋರ್ಕಿನ ಕೊಳವೆಗಳನ್ನು ಸ್ವಲ್ಪ ಮೇಲಕ್ಕೆ ಸರಿಸಿ ಅದನ್ನೂ ಇಳಿಸಿದ. ಆಮೇಲೆ ಸೈಡ್ ಸ್ಟ್ಯಾಂಡು. ಬೈಕು ಗಿಡ್ಡವಾಯಿತು, ಸ್ಟ್ಯಾಂಡು ಹಾಗೇ ಉದ್ದ. ನೆಟ್ಟಗೆ ಸೆಟೆದು ನಿಂತ ಬೈಕು ಒಂದು ಗಾಳಿಗೆ ಆ ಕಡೆ ಉರುಳಿ ಬೋಲ್ಟುವಿನ ಕಾಲ್ಬೆರಳ ಮೇಲೆ ಬಿತ್ತು. ಅವನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಸ್ಟ್ಯಾಂಡನ್ನು ಕತ್ತರಿಸಿ ಬೆಸುಗೆ ಹಾಕಿಸಿದೆವು. ಸೀಟು ಮಾತ್ರ ನನ್ನ ಕೆಲಸ. ಎರಡು ಪಕ್ಕದ ಸ್ಪಂಜು ಕೆತ್ತಿ, ತೊಡೆ ನೇರವಾಗಿ ಇಳಿಯುವ ಹಾಗೆ ಮಾಡಿ ಹೊಸ ಕವರು ಹೊಲಿದೆ. ಹೊಲಿಗೆ ನೀವೇ ನೋಡಿ ಹೇಳಬೇಕು.

ಇಷ್ಟೆಲ್ಲ ಆದರೂ ನಿಮ್ಮ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ತಿಳಿಯುವುದು ಹೇಗೆ? ನೀವಿಲ್ಲ. ಆಗ ನಿಮ್ಮ ಬೂದು ಬಣ್ಣದ ಪ್ಯಾಂಟು ನೆನಪಾಯಿತು. ನಿಮಗೆ ಹೇಳದೆ ಎಡಗಾಲು ಗಿಡ್ಡ ಮಾಡಿದ್ದೆನಲ್ಲ, ನೀವು ಕನ್ನಡಿಯಲ್ಲಿ ನೋಡಿ ಕಳಚಿಟ್ಟಿರಲ್ಲ, ಅದೇ. ಅದಕ್ಕೆ ಚಿಂದಿ ತುಂಬಿ, ಕೆಳಗೆ ನಿಮ್ಮ ಬೂಟು ಕಟ್ಟಿ ಸೀಟಿನ ಮೇಲೆ ಕೂರಿಸಿದೆ. ಚಿಂದಿಗೆ ತೂಕವೆಲ್ಲಿ? ಬೈಕು ನಿಮಗೆ ಕುಗ್ಗುವಷ್ಟು ಕುಗ್ಗಲಿ ಎಂದು ಬೋಲ್ಟು ಮರಳಿನ ಮೂಟೆಯನ್ನು ಅದರ ಮಡಿಲಿಗೆ ಹೇರಿದ. ಸೊಂಟದಿಂದ ಮೇಲೆ ಏನೂ ಇಲ್ಲದ ಅರ್ಧ ಮನುಷ್ಯ ನಮ್ಮ ಬಾಗಿಲಲ್ಲಿ ಬೈಕೇರಿ ಕೂತಿದ್ದ. ಓಣಿಯೆಲ್ಲ ನಗು. “ಅತ್ತಿಗೆ, ಈತ ಅಣ್ಣನಿಗಿಂತ ಜಾಸ್ತಿ ಮಾತಾಡ್ತಾನೆ” ಎಂದ ಬೋಲ್ಟು. ಹಾಗೆಂದವನು ಗ್ರೀಸು ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. ನಾನು ನೆಲದ ಮೇಲೆ ಅಡ್ಡ ಮಲಗಿ ನೋಡಿದೆ. ಎಡಗಾಲಿನ ಬೂಟು, ಹಿಮ್ಮಡಿಯ ಸಮೇತ, ಪೂರ್ತಿ ಊರಿತ್ತು. ನಡುವೆ ಒಂದು ಕಾಗದದ ಚೂರೂ ತೂರುತ್ತಿರಲಿಲ್ಲ. ಎಲ್ಲರ ಎದುರಿಗೇ ಆ ಬೂಟನ್ನು ಹಿಡಿದುಕೊಂಡು ಕೂತುಬಿಟ್ಟೆ ಕಣ್ರೀ. ಹುಚ್ಚಿ ಎಂದುಕೊಂಡಿರಬೇಕು. ನನಗೆ ಸ್ವಲ್ಪ ಹಿಡಿದಿರುವುದೂ ಹೌದು.

ಇನ್ನು ಮೇಲೆ ತಿರುವುಗಳಲ್ಲಿ ಮೊದಲಿನಂತೆ ವಾಲಿಸುವ ಹಾಗಿಲ್ಲ, ಫುಟ್‌ರೆಸ್ಟು ನೆಲಕ್ಕೆ ತಗಲುತ್ತದೆ. ನಿಧಾನ ಹೋಗಬೇಕು. ಹೋಗೋಣ, ನಮಗೇನು ಅವಸರ? ಒಂದು ಸಲ ಬಂದು ಕೂತು ನೋಡಿ. ಓಡಿಸಬೇಡಿ, ಬರೀ ಕೂರಿ. ಮನೆ ಎಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಎರಡೇ ಕೋಣೆ, ಆದರೂ ಮುಗಿಯುವುದಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಮನೆಗೆ ಬಂದು ಸಿಟ್ಟಾಗಿರಿ. ಮಾತಾಡದೆ ಇರುವುದಾದರೆ ನನ್ನೆದುರೇ ಮಾತಾಡದೆ ಇರಿ.

ಅಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ ಮುಟ್ಟಿಸಿ. ಬೋಲ್ಟು, ಕುಂಟುತ್ತಲೇ, ನಿಮ್ಮನ್ನು ಕೇಳಿದೆನೆಂದು ಹೇಳಿದ್ದಾನೆ. ನಿಮ್ಮ ಎರಡೂ ಕಾಲಿಗೆ ನನ್ನ ಆಯಸ್ಸು ಸೇರಲಿ.

ಬಾಗಿಲು ನೋಡುತ್ತಿರುವ,
ನಿಮ್ಮ ಕುಳ್ಳಿ

ತಾ.ಕ.: ಮೇಲಿನದೆಲ್ಲ ನಿನ್ನೆ ಬರೆದದ್ದು. ಈಗ ಬೆಳಿಗ್ಗೆ ಅಕ್ಕನ ಫೋನು ಬಂತು. ಒಗೆಯಲು ನಿಮ್ಮ ದಿಂಬಿನ ಚೀಲ ತೆಗೆದರಂತೆ, ಒಳಗೆ ನೀವು ನುಂಗದೆ ಕೂಡಿಟ್ಟ ನಿದ್ದೆ ಮಾತ್ರೆಗಳು ಸಿಕ್ಕವಂತೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಹೇಳಿ ಒಳ್ಳೆಯದು ಮಾಡಿದರು. ಅಕ್ಕನಿಗೆ, ಮಾತ್ರೆ ತೆಗೆದು ಬೇರೆ ಕಡೆ ಇಡಿ, ಈಗಲೇ ಡಾಕ್ಟರಿಗೆ ಹೇಳಿ, ನಾನು ಬರುವವರೆಗೆ ನಿಮ್ಮ ಪಕ್ಕ ಬಿಟ್ಟು ಏಳಬೇಡಿ ಎಂದಿದ್ದೇನೆ. ಬೋಲ್ಟು ಯಾರದ್ದೋ ಸಾಮಾನಿನ ವ್ಯಾನು ತಂದು ನಿಲ್ಲಿಸಿದ್ದಾನೆ, ಹೊರಟೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ಹಿಡಿದು ಬರುತ್ತಿದ್ದೇನೆ. ಬೈಕಿನ ಮಾತು ಮರೆತುಬಿಡಿ. ಅದನ್ನು ಎಂದೂ ಹತ್ತದಿದ್ದರೂ ಸರಿ, ಗುಜರಿಗೆ ಹಾಕಿದರೂ ಸರಿ, ನನಗೆ ಬೇಕಾದದ್ದು ಬೈಕಲ್ಲ. ನೀವು ಇರಿ, ರೀ. ಬಂದು ಬಾಗಿಲು ಬಡಿಯುತ್ತೇನೆ. ಅಕ್ಕ ಬೇಡ, ನೀವೇ ಎದ್ದು ಬಂದು ತೆಗೆಯಿರಿ. ಎಷ್ಟು ಹೊತ್ತು ಹಿಡಿದರೂ ನಿಂತಿರುತ್ತೇನೆ.