ಶೂ ಬಿಚ್ಚದ ನೂಬಿಯಾ

ಬೊಗೊಟಾ,
ಗುರುವಾರ, 21 ಸೆಪ್ಟೆಂಬರ್ 1989

ಪ್ರೀತಿಯ ಒರ್ನೆಲ್ಲಾ,

ಅತ್ತೆಯ ಸೊಂಟ ಹೇಗಿದೆ? ಆಪರೇಷನ್ ಆದ ಮೇಲೆ ಎದ್ದು ಕೂರುತ್ತಿದ್ದಾರೆಯೇ? ಆಸ್ಪತ್ರೆಯ ಸೂಪು ಸಪ್ಪೆ ಎಂದು ನರ್ಸುಗಳ ಮೇಲೆ ಹರಿಹಾಯತೊಡಗಿದ್ದರೆ ಅರ್ಧ ಗುಣವಾದಂತೆಯೇ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಚೆನ್ನಾಗಿದ್ದೇನೆ, ಮಗುವೂ ಚೆನ್ನಾಗಿದ್ದಾಳೆ. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದಕ್ಕೇ ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನನ್ನ ದನಿ ನಡುಗಿದ್ದು ನಿನಗೆ ಗೊತ್ತಾಗಿಬಿಡುತ್ತದೆ. ಪಕ್ಕದ ಕೋಣೆಯ ಬೆರ್ಗಾಮೊ ದಂಪತಿಯ ಕಾಗದಪತ್ರ ಕೋರ್ಟಿನವರ ಮುಷ್ಕರಕ್ಕೆ ಮೊದಲೇ ಮುಗಿದಿತ್ತಲ್ಲ, ಅವರು ತಮ್ಮ ಮಗನನ್ನು ಕರೆದುಕೊಂಡು ಇವತ್ತು ಮಧ್ಯಾಹ್ನ ಹೊರಡುತ್ತಾರೆ. ಇದನ್ನು ಅವರ ಕೈಯಲ್ಲೇ ಕೊಡುತ್ತೇನೆ.

ಕೋರ್ಟು ಇನ್ನೂ ತೆರೆದಿಲ್ಲ. ಮಾದಕದ್ರವ್ಯದ ಗ್ಯಾಂಗಿನವರು ಆ ನ್ಯಾಯಾಧೀಶರನ್ನು ನಡುಬೀದಿಯಲ್ಲಿ ಕೊಂದ ಮೇಲೆ ಯಾವ ಗುಮಾಸ್ತನೂ ಬಾಗಿಲು ತೆಗೆಯಲು ತಯಾರಿಲ್ಲ, ಅವರನ್ನು ತಪ್ಪು ಅನ್ನುವುದೂ ಹೇಗೆ? ನಮ್ಮ ದತ್ತು ತೀರ್ಪಿನ ಕಡತ ಯಾವುದೋ ಮೇಜಿನ ಮೇಲೆ ಒಂದು ಸಹಿಗಾಗಿ ಬಿದ್ದುಕೊಂಡಿದೆ. ವಕೀಲರು ಮತ್ತೆ ಅದನ್ನೇ ಹೇಳುತ್ತಾರೆ: ಮಗುವನ್ನು ಒಂದು ತಿಂಗಳ ಮಟ್ಟಿಗೆ ಅವಳ ಸಾಕುಮನೆಯ ಎರ್ಮೆಲಿಂದಾ ಬಳಿ ಬಿಡಿ, ಊರಿಗೆ ಹೋಗಿ ಕೆಲಸ ನೋಡಿಕೊಳ್ಳಿ, ಕೋರ್ಟು ತೆರೆದ ಕೂಡಲೇ ಬನ್ನಿ. ನೀನೂ ಫೋನಿನಲ್ಲಿ ಅದಕ್ಕೆ ಒಪ್ಪಿದೆ. ಒಂದನೇ ತಾರೀಖಿಗೆ ಗಣಿಗೆ ಬಾರದಿದ್ದರೆ ನನ್ನ ಜಾಗಕ್ಕೆ ಬೇರೆಯವನನ್ನು ಹಾಕುತ್ತೇನೆ ಎಂದು ಯಜಮಾನ ಖಡಾಖಂಡಿತವಾಗಿ ಹೇಳಿದ್ದಾನೆ. ಶನಿವಾರದ ಟಿಕೆಟ್ ನನ್ನ ಕೋಟಿನ ಜೇಬಿನಲ್ಲಿದೆ. ನಿಜ ಹೇಳುತ್ತೇನೆ, ಬೈಯಬೇಡ: ಅದು ಕೈಗೆ ಬಂದಾಗ ನನಗೆ ಖುಷಿಯಾಯಿತು.

ಯಾಕೆಂದರೆ ನನಗೆ ಹೆದರಿಕೆ, ಒರ್ನೆಲ್ಲಾ. ಇಪ್ಪತ್ತೆರಡು ವರ್ಷ ಅಮೃತಶಿಲೆಯ ಗಣಿಯಲ್ಲಿ ಸಿಡಿಮದ್ದಿನ ಜೊತೆ ಬದುಕಿದವನು, ಮೊಣಕಾಲೆತ್ತರದ ಒಂದು ಹುಡುಗಿಯ ಮುಂದೆ ಕಪ್ಪು ಹಿಡಿಯಲೂ ಅಳುಕುತ್ತೇನೆ. ನೀನಿದ್ದಾಗ ನಿನ್ನ ಸ್ಕರ್ಟಿನ ಅಂಚು ಹಿಡಿದುಕೊಂಡಾದರೂ ನನ್ನತ್ತ ನೋಡುತ್ತಿದ್ದಳು. ನೀನು ಟ್ಯಾಕ್ಸಿ ಹತ್ತಿ ಹೋದ ಮೇಲೆ ಊಟದ ಮೇಜಿನ ಕೆಳಗೆ ಸೇರಿಕೊಂಡವಳು ಅಲ್ಲಿಯೇ ಮನೆ ಮಾಡಿದ್ದಾಳೆ. ಗಣಿಯ ಸದ್ದಿನಲ್ಲಿ ಅರ್ಧ ಕಿವುಡನಾದವನ ಗಂಟಲು ನಿನಗೆ ಗೊತ್ತೇ ಇದೆ, ನಾನು ಮೆಲ್ಲಗೆ ಅಂದುಕೊಂಡು 'ಬಾ ಚಿನ್ನ' ಅಂದರೂ ಪಾತ್ರೆಗಳು ಅದುರುತ್ತವೆ. ನಾವಿಳಿದಿರುವ ವಸತಿಗೃಹದ ಒಡತಿ ದೋನ್ಯಾ ಇನೆಸ್ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಏನ್ರೀ ಡಾನ್ ಲೀಬೆರೊ, ಮಗೂನ ಕರೀತಿದೀರೋ, ಬೆಟ್ಟಾನೋ?" ಈಗ ಪಿಸುಗುಟ್ಟುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಕನ್ನಡಿಯ ಮುಂದೆ ನಿಂತು! ನೋಡಿದವರು ಹುಚ್ಚು ಹಿಡಿದಿದೆ ಅನ್ನಬೇಕು. ಇಲ್ಲಿಯವರಂತೆ ಬೆಲ್ಲದ ನೀರಿಗೆ ಚೀಸಿನ ತುಂಡು ಹಾಕಿ ಮೇಜಿನ ಕೆಳಗೆ ತಳ್ಳಿ ಅತ್ತ ತಿರುಗಿ ಕೂರುತ್ತೇನೆ. ಕಪ್ಪು ಖಾಲಿಯಾಗಿ ನನ್ನ ಹಿಮ್ಮಡಿಗೆ ತಗುಲುವವರೆಗೆ ತಿರುಗಿ ನೋಡುವುದಿಲ್ಲ. ನಮ್ಮಿಬ್ಬರ ಸಂಸಾರ ಸದ್ಯಕ್ಕೆ ಇಷ್ಟೇ.

ಆ ಕೆಂಪು ಶೂಗಳ ರಗಳೆಯೂ ಹಾಗೇ ಇದೆ. ಸ್ನಾನದ ಹೊತ್ತು ಬಿಟ್ಟರೆ ಬೇರೆ ಯಾವಾಗಲೂ ಬಿಚ್ಚಲು ಬಿಡುವುದಿಲ್ಲ, ಮಲಗುವಾಗಲೂ ಇಲ್ಲ. ನೀನು 'ಎರ್ಮೆಲಿಂದಾ ಕೊಡಿಸಿದ್ದಲ್ವಾ, ಅದಕ್ಕೇ ಪ್ರೀತಿ' ಎಂದಿದ್ದೆ. ನಾನೂ ಹಾಗೇ ಅಂದುಕೊಂಡಿದ್ದೆ. ನಾನು ಪಟ್ಟಿಗೆ ಕೈ ಹಾಕಿದರೆ ಸಾಕು, ಇಡೀ ಬೀದಿಗೆ ಕೇಳುವಂತೆ ಕಿರುಚುತ್ತಾಳೆ. ಹಾಸಿಗೆಯೆಲ್ಲ ಮಣ್ಣು. ಹೊರಗೆ ಯಾವುದಾದರೂ ಕಾರು ನಿಂತ ಸದ್ದಾದರೆ ಬಗ್ಗಿ ಪಟ್ಟಿ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾಳೆ. ಇದನ್ನು ದಿನಕ್ಕೆ ಹತ್ತು ಸಲ ನೋಡಿದರೂ ನನ್ನ ಮಂದಬುದ್ಧಿಗೆ ಏನೂ ಹೊಳೆಯಲಿಲ್ಲ.

ನಿನ್ನೆ ಮಕ್ಕಳ ಇಲಾಖೆಯ ಸೆನ್ಯೋರಾ ಮಾರ್ಲೆನ್ ಬಂದಿದ್ದರು. ಮಗು ನಮಗೆ ಹೊಂದಿಕೊಂಡಿದೆಯೋ ಇಲ್ಲವೋ ಎಂದು ಅವರು ಬರೆಯುವ ವರದಿ ಸೀದಾ ಆ ಕಡತಕ್ಕೆ ಸೇರುತ್ತದೆ. ಮೇಜಿನ ಕೆಳಗಿರುವ ಮಗುವನ್ನು ತೋರಿಸಿ ಹೊಂದಿಕೊಂಡಿದೆ ಅನ್ನುವುದು ಹೇಗೆ? ದೋನ್ಯಾ ಇನೆಸ್ ಉಪಾಯ ಹೇಳಿಕೊಟ್ಟಳು: "ಅಂಗಿ ಜೇಬಲ್ಲಿ ಸೀಬೆಹಣ್ಣಿನ ಮಿಠಾಯಿ ಇಟ್ಕೊಳ್ಳಿ. ತಾನಾಗೇ ಎದೆ ಮೇಲೆ ಹತ್ತತಾಳೆ, ಆಯಮ್ಮ ಅಪ್ಪ-ಮಗಳ ಪ್ರೀತಿ ಅಂತ ಬರ್ಕೋತಾಳೆ." ಮೋಸ ಅನ್ನಿಸಿತು. ಆದರೂ ಇಟ್ಟುಕೊಂಡೆ, ಒಂದಲ್ಲ, ನಾಲ್ಕು.

ಬಿಳಿ ಕಾರು ಬಾಗಿಲಲ್ಲಿ ನಿಂತಿತು. ಸೆನ್ಯೋರಾ ಒಳಗೆ ಬಂದು ಚೀಲವನ್ನು ಕುರ್ಚಿಗೆ ತೂಗುಹಾಕುವ ಹೊತ್ತಿಗೆ ನೂಬಿಯಾ ಮೇಜಿನ ಕೆಳಗಿನಿಂದ ಹೊರಬಂದಳು. ಮಿಠಾಯಿಯ ವಾಸನೆ ಹತ್ತಿತು ಎಂದು ನಾನು ಎದೆಯುಬ್ಬಿಸಿ ಕೂತೆ. ಅವಳು ನನ್ನತ್ತ ನೋಡಲೇ ಇಲ್ಲ. ಕೋಣೆಗೆ ಹೋಗಿ, ಬಂದ ದಿನ ತಂದಿದ್ದ ಬಟ್ಟೆಯ ಗಂಟನ್ನು ಎಳೆದುಕೊಂಡು ಬಂದಳು. ಅದನ್ನು ಬಾಗಿಲ ಬಳಿ ಇಟ್ಟು, ಪಕ್ಕದಲ್ಲಿ ಕೂತು, ಒಂದು ಶೂ ಪಟ್ಟಿ ಮುಟ್ಟಿದಳು, ಇನ್ನೊಂದು ಮುಟ್ಟಿದಳು. ಅಳಲಿಲ್ಲ. ಮುಖದಲ್ಲಿ ಹಟವೂ ಇರಲಿಲ್ಲ. ಬಸ್ಸು ತಡವಾದರೆ ಗಣಿಯ ಮುದುಕರು ಕೂರುತ್ತಾರಲ್ಲ, ಹಾಗೆ ಕೂತಿದ್ದಳು. ಎರಡು ವರ್ಷ ನಾಲ್ಕು ತಿಂಗಳ ಮಗು!

ಸೆನ್ಯೋರಾ ಕನ್ನಡಕ ತೆಗೆದು ಒರೆಸಿಕೊಂಡರು. "ಇದಕ್ಕೆಲ್ಲ ನನ್ನ ಕಾರೇ ಕಾರಣ, ಡಾನ್ ಲೀಬೆರೊ. ಹೆತ್ತವಳ ಹತ್ರದಿಂದ ಇವಳನ್ನ ತಂದಿದ್ದೂ ಇದ್ರಲ್ಲೇ, ಮೊದಲ್ನೇ ಸಾಕುಮನೆಯಿಂದ ಎರ್ಮೆಲಿಂದಾ ಮನೆಗೆ ಬಿಟ್ಟಿದ್ದೂ ಇದ್ರಲ್ಲೇ, ಇಲ್ಲಿಗೆ ತಂದಿದ್ದೂ ಇದ್ರಲ್ಲೇ. ನಾನು ಬಂದ್ರೆ ಹೊರಡೋದು ಅಂತ ಅವಳಿಗೆ ಗೊತ್ತು" ಎಂದರು. ನನ್ನ ಗಡ್ಡಕ್ಕೆ, ಗಂಟಲಿಗೆ ಹೆದರುತ್ತಾಳೆ ಅಂದುಕೊಂಡಿದ್ದೆನಲ್ಲ, ಪೆದ್ದ ನಾನು. ಅವಳು ಇಲ್ಲಿಗೆ ಬಂದಾಗಿನಿಂದ ಹೊರಡಲು ತಯಾರಾಗಿಯೇ ಕೂತಿದ್ದಾಳೆ.

ಮುಂದೆ ಏನು ಮಾಡಬೇಕೋ ತೋಚದೆ ನಾನೂ ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನನ್ನ ಶೂಗಳನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು, ಇಲಾಖೆಯವರ ಮುಂದೆ ಮರ್ಯಾದೆಯೂ ಹೋಯಿತು. ಅವಳು ಆ ಬೆರಳನ್ನು ಬಹಳ ಹೊತ್ತು ನೋಡಿದಳು. ಸೆನ್ಯೋರಾ ಏನೋ ಬರೆದುಕೊಂಡು ಒಬ್ಬರೇ ಹೊರಟುಹೋದರು. ಕಾರಿನ ಸದ್ದು ತಿರುವು ದಾಟಿದ ಮೇಲೂ ಅವಳು ಗಂಟಿನ ಪಕ್ಕದಿಂದ ಏಳಲಿಲ್ಲ. ಮಿಠಾಯಿ ನನ್ನ ಜೇಬಿನಲ್ಲಿಯೇ ಕರಗಿ ಅಂಗಿಗೆ ಕಲೆಯಾಯಿತು, ದೋನ್ಯಾ ಇನೆಸ್ ಉಜ್ಜಿ ಉಜ್ಜಿ ಸೋತಳು.

ವರದಿಯಲ್ಲಿ ಏನು ಬರೆದರೋ ಗೊತ್ತಿಲ್ಲ. ಕೇಳಲು ಧೈರ್ಯ ಬರಲಿಲ್ಲ. ನಾನು ಶನಿವಾರ ಹೊರಟರೆ ನಾಳೆಯೇ ಆ ಕಾರು ಬರಬೇಕು, ಅದು ನಾಲ್ಕನೆಯ ಸಲ. ಕೋರ್ಟು ತೆರೆದು ಮತ್ತೆ ನಮ್ಮ ಬಳಿ ತಂದರೆ ಐದನೆಯದು. ಎರ್ಮೆಲಿಂದಾ ಒಳ್ಳೆಯವಳು, ಹಾಲು ಅನ್ನಕ್ಕೆ ಕಡಿಮೆ ಮಾಡುವವಳಲ್ಲ, ಎಲ್ಲ ನಿಜ. ಇಲ್ಲೇ ಉಳಿದು ಕೆಲಸ ಹೋದರೆ ಈ ಮಗುವಿಗೆ ಏನು ಹಾಕೋಣ? ಇದ್ದೂ ಇದ್ದೂ ಕೊನೆಗೆ ನ್ಯಾಯಾಧೀಶರು ಇಲ್ಲ ಅಂದರೆ? ಆಗ ಅವಳನ್ನು ಕಾರಿಗೆ ಹತ್ತಿಸುವವನು ನಾನೇ ಆಗಬೇಕಲ್ಲ. ಹೋಗುತ್ತೇನೋ ಇಲ್ಲವೋ ತಿಳಿಸೋಣ ಎಂದು ಕೂತವನು, ಇಷ್ಟು ಉದ್ದ ಬರೆದೂ ಅದನ್ನು ಬರೆದಿಲ್ಲ ನೋಡು.

ಅತ್ತೆಗೆ ನನ್ನ ನಮಸ್ಕಾರ ಹೇಳು. ಕೋಲು ಹಿಡಿಯಲು ನಾಚಬೇಡಿ, ಹೊಡೆಯಲೂ ಬರುತ್ತದೆ ಅಂತ ಹೇಳು. ನಿನ್ನ ಹಣೆಗೊಂದು ಮುತ್ತು.

ನಿನ್ನ,
ಲೀಬೆರೊ

ತಾ.ಕ. ಬೆರ್ಗಾಮೊದವರು ಪೆಟ್ಟಿಗೆ ಇಳಿಸುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅವರನ್ನು ಕಳಿಸಿಕೊಡಲು ಎದ್ದರೆ ನನ್ನ ಎಡಗಾಲಿನ ಶೂ ಇಲ್ಲ. ಮಂಚದ ಕೆಳಗೆ, ಬಚ್ಚಲಲ್ಲಿ, ಎಲ್ಲ ಕಡೆ ಹುಡುಕಿದೆ. ಕೊನೆಗೆ ದೋನ್ಯಾ ಇನೆಸ್ ನನ್ನನ್ನು ಪಕ್ಕಕ್ಕೆ ಎಳೆದು, "ಆಲೂಗೆಡ್ಡೆ ಚೀಲದ ತಳದಲ್ಲಿದೆ ರೀ. ಅವರ ಟ್ಯಾಕ್ಸಿ ಹಾರನ್ ಆದ ಕೂಡ್ಲೇ ನಿಮ್ಮ ಹುಡುಗಿ ತಗೊಂಡೋಗಿ ಹೂತಿಟ್ಟು ಬಂದ್ಳು. ನಾನು ಹೇಳ್ದೆ ಅನ್ಬೇಡಿ" ಎಂದಳು. ನೂಬಿಯಾ ಮೆಟ್ಟಿಲ ಮೇಲೆ ಕೂತು ನನ್ನ ಬರಿಗಾಲನ್ನೇ ಕಾಯುತ್ತಿದ್ದಾಳೆ. ಅವಳ ಶೂ ಇನ್ನೂ ಅವಳ ಕಾಲಲ್ಲಿಯೇ ಇದೆ. ಟಿಕೆಟ್ಟನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಯಜಮಾನನಿಗೆ ಬೇರೆಯವನನ್ನು ನೋಡಿಕೊಳ್ಳಲು ಹೇಳು. ನನಗೆ ಹೆದರಿಕೆ ಹೋಗಿಲ್ಲ, ಆದರೆ ನನಗಾಗಿ ವಿಮಾನ ನಿಲ್ದಾಣಕ್ಕೆ ಬರಬೇಡ. ನನ್ನ ಶೂ ಚೀಲದಲ್ಲಿಯೇ ಇರಲಿ ಎಂದು ದೋನ್ಯಾ ಇನೆಸ್‌ಗೆ ಅಂದೆ.