ಊಟ ಆಯ್ತಾ ಎಂದು ಕೇಳಿದ ಪ್ರೋಗ್ರಾಂ

ಗುರುವಾರ, ಮಾರ್ಚ್ ೧೪

ಸಂದೇಶ ಬೆಳಿಗ್ಗೆಯೂ ತಲುಪಲಿಲ್ಲ. ಕಾಲೇಜಿನ ಪ್ರಾಜೆಕ್ಟ್‌ಗೆಂದು ನಾವಿಬ್ಬರು ಬರೆಯುತ್ತಿರುವ ಪುಟ್ಟ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದು ಪ್ರೋಗ್ರಾಂ ಸಂದೇಶ ಕಳುಹಿಸುತ್ತದೆ, ಅದಕ್ಕಾಗಿ ಕಾಯಬೇಕಾದ ಇನ್ನೊಂದು ನಿದ್ದೆ ಹೋದದ್ದು ಏಳುವುದೇ ಇಲ್ಲ. ನಾಳೆ ತೋರಿಸಬೇಕು. ಈ ಭಾಗ ಕೈಬಿಡಿ, ಪಾಸಾಗುತ್ತೀರಿ ಎಂದು ಮೇಷ್ಟ್ರೇ ಹೇಳಿದ್ದರು. ನಾನೂ ಬಿಟ್ಟುಬಿಡೋಣ ಎಂದೆ.

ನನ್ನ ಜೊತೆ ಕೆಲಸ ಮಾಡುವವರು ಮದುವೆಗೆಂದು ಓದು ನಿಲ್ಲಿಸಿ, ಮಗಳು ಶಾಲೆಗೆ ಸೇರಿದ ಮೇಲೆ ಮತ್ತೆ ಬಂದವರು. ತರಗತಿಗೆಲ್ಲ ಅಕ್ಕ.

"ಬಿಡೋದು ನಂಗೆ ಚೆನ್ನಾಗಿ ಗೊತ್ತು ಕಣೋ. ಒಂದ್ಸಲ ಕಾಲೇಜನ್ನೇ ಬಿಟ್ಟಿದ್ದೆ. ಇದನ್ನ ಬಿಡಲ್ಲ," ಎಂದು ಅಕ್ಕ ಮತ್ತೆ ಪರದೆಯತ್ತ ಬಾಗಿದರು. ಸ್ವಲ್ಪ ಹೊತ್ತಿಗೆ, "ಸಂದೇಶದ ಪೆಟ್ಟಿಗೆ ಖಾಲಿ ಅಂತ ಪ್ರೋಗ್ರಾಂ ನೋಡಿದ ಮೇಲೆ, ಮಲಗೋಕೆ ಮುಂಚೆ ಸಂದೇಶ ಬಂದ್ರೆ? ಆಮೇಲೆ ಯಾರು ಎಬ್ಬಿಸ್ತಾರೆ?" ಎಂದರು.

ನೋಡುವುದನ್ನೂ ಮಲಗುವುದನ್ನೂ ನಡುವೆ ಬೇರೇನೂ ನುಸುಳದಂತೆ ಒಂದೇ ಬೀಗದೊಳಗೆ ತಂದೆವು. ಓಡಿಸಿದೆವು. ಅಕ್ಕ ಪರೀಕ್ಷೆಗೆಂದು ಬರೆದಿದ್ದ "ಊಟ ಆಯ್ತಾ" ಪರದೆಯ ಮೇಲೆ ಬಂತು. ಕೆಳಗೆ, ಎಚ್ಚರಗೊಂಡ ಪ್ರೋಗ್ರಾಂನ ಉತ್ತರ: "ಆಯ್ತು, ನಿಂದು?"

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ನಾಳೆ ಮೂರು ಪ್ರೋಗ್ರಾಂ ಒಟ್ಟಿಗೆ ಸಂದೇಶ ಕಳುಹಿಸಿದರೆ ಏನಾಗುತ್ತದೋ. ಕೆಟ್ಟರೂ ಹುಡುಕಬಹುದು ಎಂಬ ಧೈರ್ಯ ಬಂದಿದೆ. ಮೊದಲು ಅಕ್ಕನಿಗೆ ಹೇಳಬೇಕು, ಮೇಷ್ಟ್ರ ಮುಂದೆ ಅವರೇ ವಿವರಿಸಲಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಎಂದು.