ಐದು ನಿಮಿಷದ ಗಡುವು

ಗೆಳೆಯಾ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೆ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಕಂಪ್ಯೂಟರ್ ಕಲಿಯುವ ನಮ್ಮ ಶನಿವಾರದ ಗುಂಪಿಗೆ ಇವತ್ತು ದರ್ಜಿಯೊಬ್ಬರು ಪರದೆಯಿಲ್ಲದ ಹಳೇ ಕಂಪ್ಯೂಟರ್ ಹೊತ್ತು ತಂದಿದ್ದರು. ಲಿನಕ್ಸ್ ಹಾಕಿಕೊಟ್ಟೆ. ಫೈರ್‌ವಾಲ್ ತಾವೇ ಮಾಡುವುದಾಗಿ ಹೇಳಿ, ನನ್ನ ಲ್ಯಾಪ್‌ಟಾಪಿನಿಂದ ಅದರೊಳಗೆ ಹೊಕ್ಕು, ಯಾರನ್ನೂ ಒಳಗೆ ಬಿಡಬೇಡ ಎಂಬ ನಿಯಮವನ್ನೇ ಮೊದಲು ಹಾಕಿಬಿಟ್ಟರು. ನಾವೇ ಹೊರಗಾದೆವು.

“ಅಯ್ಯೋ, ಕೆಟ್ಟೋಯ್ತಾ?”

“ಗಾಬರಿ ಆಗ್ಬೇಡಿ. ಐದು ನಿಮಿಷ ಕಾಯೋಣ” ಎಂದೆ.

ನಿನ್ನ ಉಪಾಯವನ್ನು ನಾನು ಮೊದಲೇ ಮಾಡಿಟ್ಟಿದ್ದೆ: ಐದು ನಿಮಿಷದೊಳಗೆ ಯಾರೂ ‘ಸರಿ’ ಅನ್ನದಿದ್ದರೆ ಹಳೇ ನಿಯಮವೇ ಮರಳಲಿ ಎಂಬ ಆಜ್ಞೆ. “ಬಾಗಿಲು ಹಾಕೋ ಮುಂಚೆ ವಾಪಸ್ ಬರೋಕೆ ದಾರಿ ಇಟ್ಕೊಳೋ, ಪೆದ್ದ” ಎಂದು ನೀನು ಬೈಯುತ್ತಿದ್ದೆಯಲ್ಲ, ಅದೇ.

ಗಡಿಯಾರ ನೋಡುತ್ತ ಕೂತೆವು. ಐದನೇ ನಿಮಿಷಕ್ಕೆ ಯಂತ್ರ ನಮ್ಮನ್ನು ಮತ್ತೆ ಒಳಗೆ ಬಿಟ್ಟುಕೊಂಡಿತು. ದರ್ಜಿಗೆ ಹೋದ ಜೀವ ಬಂದಂತಾಯಿತು.

“ಇದನ್ನ ಯಾರು ಹೇಳ್ಕೊಟ್ರು?”

“ಎಲ್ಲೋ ಓದಿದ್ದೆ” ಎಂದೆ. ನಿನ್ನ ಹೆಸರು ಬಾಯಿಗೆ ಬರಲಿಲ್ಲ.

ಇದೇ ಗುಂಪಿನಲ್ಲಿ ಎಲ್ಲರೆದುರು ನಾನು ನಿನಗೆ “ಇನ್ಮೇಲೆ ಇಲ್ಲಿಗೆ ಬರ್ಬೇಡ” ಎಂದ ದಿನ, ನೀನು ನಿನ್ನ ಕೇಬಲ್‌ಗಳನ್ನು ಒಂದೊಂದಾಗಿ, ನಿಧಾನಕ್ಕೆ ಸುತ್ತಿಟ್ಟೆ. ಐದು ನಿಮಿಷವಾದರೂ ಹಿಡಿದಿರಬೇಕು. ನಾನು ಪರದೆಯಿಂದ ತಲೆ ಎತ್ತಲಿಲ್ಲ.